ಐದೇ ಅಂಕಿಯ ಜಾಗ

ನಾನು ಜಪ ಮಾಡುವವನಲ್ಲ. ದಿನಾ ನೂರೆಂಟಕ್ಕೆ ನಿಲ್ಲಿಸುವ ಅಮ್ಮನಿಗಾಗಿ, ಪುಣೆಯ ಬಾಡಿಗೆ ಮನೆಯಲ್ಲಿ ಕೂತು, ಭಾನುವಾರಗಳಲ್ಲಿ ಜಪ ಎಣಿಸುವ ಆ್ಯಪ್ ಒಂದನ್ನು ಬರೆದೆ. ಒಮ್ಮೆ ಒತ್ತಿದರೆ ಒಂದು ಏರುತ್ತದೆ, ಅಷ್ಟೇ. ಅದು ಹೇಗೋ ಗುರುತಿಲ್ಲದವರ ಫೋನುಗಳನ್ನೂ ಸೇರಿತು. ತೊಂದರೆಯಾದರೆ ಕರೆ ಮಾಡಿ ಅಂತ ಕೊಟ್ಟಿದ್ದು ನನ್ನದೇ ನಂಬರು.

ಒಂದು ಬೆಳಿಗ್ಗೆ ಪುಣೆಯದೇ ಕಾತ್ರಜದಿಂದ ಹಿರಿಯರೊಬ್ಬರು ಕರೆ ಮಾಡಿದರು. ಹೆಂಡತಿ ಆಸ್ಪತ್ರೆ ಸೇರಿದಂದಿನಿಂದ ಲಕ್ಷ ಜಪದ ಹರಕೆ ಹೊತ್ತು, ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಒತ್ತುತ್ತಿದ್ದರಂತೆ.

“ಲಕ್ಷಕ್ಕ ಒಂದ ಕಮ್ಮಿ ಇತ್ರಿ. ಆ ಒಂದು ಒತ್ತಿದೆ, ಸೊನ್ನಿ ಬಂತು. ದೇವರು ಒಪ್ಪಲಿಲ್ಲ ಅನ್ಕೊಂಡು ಮತ್ತ ಮೊದಲಿಂದ ಸುರು ಮಾಡಿದೆ. ನರ್ಸ್ ಬಂದು, ಕಾಕಾ, ನಿಮ್ಮ ಮನಿಯವರು ನಿಮ್ಮನ್ನ ಕರೀಲಿಕತ್ತಾರ ಅಂದ್ಲು. ಈ ಸಾವಿರ ಮುಗಿಸಿ ಬರ್ತೀನಿ ಅಂದೆ. ಮುಗಿಯೂದ್ರಾಗ ಆಕಿ ಹೋಗಿಬಿಟ್ಟಿದ್ಲು.”

ಆಮೇಲೆ ಕೇಳಿದರು.

“ಒಂದ ಮಾತು ಹೇಳ್ರಿ. ಆ ಸೊನ್ನಿ ದೇವರು ಮಾಡಿದ್ದೋ, ನೀವು ಮಾಡಿದ್ದೋ?”

“ನಾನೇ ಸರ್. ಲಕ್ಷದವರೆಗೆ ಯಾರು ಹೋಗ್ತಾರೆ ಅಂತ ಐದೇ ಅಂಕಿಗೆ ಜಾಗ ಇಟ್ಟಿದ್ದೆ. ಆರನೆಯದಕ್ಕೆ ಜಾಗವಿಲ್ಲದೆ ಸೊನ್ನೆ ಆಯ್ತು.”

“ಹಂಗಾರ ನನ್ನ ಲಕ್ಷ ಮುಗಿದಿತ್ತು.”

“ಮುಗಿದಿತ್ತು ಸರ್.”

“ಎದ್ದು ಒಳಗ ಹೋಗಬಹುದಿತ್ತು,” ಅಂದವರು ಫೋನಿಟ್ಟರು.

ಆ ಭಾನುವಾರ ಅಂಕಿಗಳ ಜಾಗ ಹೆಚ್ಚಿಸಿ ಅಪ್‌ಡೇಟ್ ಬಿಟ್ಟೆ. ಏನು ಬದಲಾಗಿದೆ ಅಂತ ಬಳಸುವವರಿಗೆ ತಿಳಿಸಲು ಅಲ್ಲೊಂದು ಖಾಲಿ ಜಾಗ ಇರುತ್ತದೆ. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಎಲ್ಲರೂ ಬರೆಯುವುದನ್ನೇ ಬರೆದೆ: ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.’