ಹಳದಿ ಹಗ್ಗ ಎಳೆದವಳು

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಕುಕ್ಕರ್ ಕಾರ್ಖಾನೆಯ ಲೈನಿನಲ್ಲಿ ಅವಳದು ಕೊನೆಯ ಮೇಜು. ಮುಚ್ಚಳಕ್ಕೆ ಹಿಡಿ ಕೂರಿಸಿ, ಒಮ್ಮೆ ತಿರುಗಿಸಿ ನೋಡಿ, ಪ್ಯಾಕಿಂಗಿಗೆ ಕಳಿಸುವುದು ಅವಳ ಕೆಲಸ. ಎದುರಿಗೆ ಎಲ್ಲರಿಗೂ ಅವಳು ಅಕ್ಕ, ಬೆನ್ನ ಹಿಂದೆ ಪಟಾಕಿ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಬೆಳೆಸಿದ್ದು ಆ ಕೋಪವೇ ತಾನೇ! ಶಾಲೆಯಲ್ಲಿ ಸೀಟಿಲ್ಲ ಎಂದವರ ಎದುರು ಸಿಡಿದಿದ್ದಳು, ಮನೆ ಖಾಲಿ ಮಾಡಿ ಎಂದ ಮಾಲೀಕನ ಎದುರು ಸಿಡಿದಿದ್ದಳು. ಸಿಡಿದಾಗಲೆಲ್ಲ ಕೆಲಸ ಆಗಿತ್ತು. ಮದುವೆಯ ಮಾತು ತಂದ ಚಿಕ್ಕಮ್ಮನಂತೂ ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ತಂಗಿಗೂ ಅದೇ ಲೈನಿನಲ್ಲಿ ತಾತ್ಕಾಲಿಕ ಕೆಲಸ ಕೊಡಿಸಿದ್ದಳು. ಮುಚ್ಚಳದ ಸೇಫ್ಟಿ ವಾಲ್ವಿಗೆ ಗನ್ನಿನಿಂದ ನಟ್ ಬಿಗಿಯುವ ಮೇಜು ಅವಳದು. ಬೆಳಿಗ್ಗೆ ತಂಗಿಯೇ ಎರಡು ಊಟದ ಡಬ್ಬಿ ತುಂಬಿ ಬಾಗಿಲ ಬಳಿ ಇಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು.

ಹೀಗಿರುವಾಗ ಕಾರ್ಖಾನೆಗೆ ‘ಲೀನ್’ ಎಂಬ, ದಂಡ ಖರ್ಚು ತಗ್ಗಿಸುವ ಹೊಸ ಪದ್ಧತಿ ಬಂತು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ ಪಾಠ ಶುರು ಮಾಡಿದರು. ಹೊರಗಿನಿಂದ ಬಂದ ಟ್ರೇನಿಂಗ್ ಮೇಷ್ಟ್ರು ಒಳ್ಳೆಯ ಮಾತುಗಾರ. ಬೇಡದ ಸ್ಟಾಕ್ ಗುಡ್ಡೆ ಹಾಕಬೇಡಿ, ಸುಮ್ಮನೆ ಓಡಾಡಬೇಡಿ ಎಂದರು. ಆಮೇಲೆ ಲೈನಿನ ಉದ್ದಕ್ಕೂ ಕಟ್ಟಿಸಿದ ಹಳದಿ ಹಗ್ಗವನ್ನು ತೋರಿಸಿದರು.

“ತಪ್ಪು ಕಂಡವರು ಯಾರು ಬೇಕಾದ್ರೂ ಇದನ್ನ ಎಳೀಬಹುದು. ಲೈನ್ ನಿಲ್ಲುತ್ತೆ. ಆಗ ಯಾರು ಮಾಡಿದ್ದು ಅಂತ ಕೇಳಬಾರದು, ಯಾಕಾಯ್ತು ಅಂತ ಕೇಳಬೇಕು. ಐದು ಸಲ ಯಾಕೆ ಅಂತ ಕೇಳಿದ್ರೆ ಬೇರು ಸಿಗುತ್ತೆ.”

ಮುಂದಿನ ಸಾಲಿನಲ್ಲಿ ಕೂತಿದ್ದ ಮ್ಯಾನೇಜರ್ ಎಲ್ಲದಕ್ಕೂ ತಲೆಯಾಡಿಸಿದರು. ಅಕ್ಕನಿಗೆ ಆ ಪಾಠ ಹಿಡಿಸಿಬಿಟ್ಟಿತು. ಇಷ್ಟು ದಿನ ಗಂಟಲು ಹರಿದುಕೊಂಡು ಮಾಡುತ್ತಿದ್ದ ಕೆಲಸವನ್ನು ಇನ್ನು ಒಂದು ಹಗ್ಗ ಮಾಡುತ್ತದೆ ಎಂದುಕೊಂಡಳು.

ಒಂದು ಮಧ್ಯಾಹ್ನ ಅವಳ ಕೈಗೆ ಬಂದ ಮುಚ್ಚಳದ ವಾಲ್ವ್ ಅಲ್ಲಾಡಿತು. ಬೆರಳಲ್ಲಿ ತಿರುಗಿಸಿದರೆ ನಟ್ ಸಲೀಸಾಗಿ ತಿರುಗಿತು. ಯಾರ ಮೇಜಿನಿಂದ ಬಂದದ್ದೆಂದು ಹೇಳಬೇಕಾಗಿರಲಿಲ್ಲ. ಯಾವುದೋ ಮನೆಯ ಒಲೆಯ ಮೇಲೆ ಇದು ಸಿಡಿದರೆ ಏನು ಗತಿ ಎಂದು ಯೋಚಿಸಿದಳು. ಹೇಗೂ ಯಾರು ಅಂತ ಕೇಳುವುದಿಲ್ಲವಲ್ಲ ಎಂದುಕೊಂಡು ಹಗ್ಗ ಎಳೆದಳು.

ಗಂಟೆ ಬಡಿಯಿತು, ಲೈನ್ ನಿಂತಿತು, ಮ್ಯಾನೇಜರ್ ಓಡಿ ಬಂದರು. “ಯಾರು? ಇದನ್ನ ಹಾಕಿದ್ದು ಯಾರು?”

“ನಾನೇ ಸಾರ್,” ತಂಗಿ ಎದ್ದು ನಿಂತಳು. “ಆದ್ರೆ ಗನ್ನು...”

“ಗನ್ನಿನ ಮೇಲೆ ಹಾಕ್ಬೇಡ! ನಾಳೆಯಿಂದ ಬರೋದು ಬೇಡ.”

ಅಕ್ಕ ಟ್ರೇನಿಂಗ್ ಮೇಷ್ಟ್ರ ಕಡೆ ನೋಡಿದಳು. ಪಕ್ಕದಲ್ಲೇ ನಿಂತಿದ್ದ ಆ ಮಾತುಗಾರ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ತಂಗಿ ಒಮ್ಮೆ ಬಾಯಿಬಿಟ್ಟಳು. “ಗನ್ನಿನ ತುದಿಯ ಸಾಕೆಟ್ ಸವೆದಿದೆ, ನಟ್ ಜಾರುತ್ತೆ ಅಂತ ಸೂಪರ್‌ವೈಸರ್‌ಗೆ ಹೇಳಿ ಹೇಳಿ ಸಾಕಾಗಿತ್ತು. ನನ್ನ ಹತ್ರ ಬಂದು ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?”

“ಯಾರು ಅಂತ ಕೇಳಲ್ಲ ಅಂದಿದ್ರು ಕಣೇ.”

“ನಂಬಿದ್ದು ನೀನು. ಕೆಲಸ ಹೋಗಿದ್ದು ನಂದು.”

ಮಾರನೆಯ ಬೆಳಿಗ್ಗೆ ಬಾಗಿಲ ಬಳಿ ಡಬ್ಬಿ ಇರಲಿಲ್ಲ. ಅಕ್ಕ ಬರಿಗೈಯಲ್ಲಿ ಹೊರಟಳು. ಮ್ಯಾನೇಜರ್ ಮೇಲೆ ಕೋಪ, ಮೇಷ್ಟ್ರ ಮೇಲೆ ಕೋಪ. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಯಾರನ್ನೂ ನಂಬದೆ ಬದುಕಿದವಳು ಕ್ಯಾಂಟೀನಿನ ಪಾಠವನ್ನು ನಂಬಿಬಿಟ್ಟೆನಲ್ಲ ಎಂದು ತನ್ನ ಮೇಲೇ ಕೋಪ.

ತಂಗಿಯ ಮೇಜಿಗೆ ಹೊಸಬಳೊಬ್ಬಳನ್ನು ಕೂರಿಸಿದರು. ಅದೇ ಗನ್ನು, ಅದೇ ಸಾಕೆಟ್. ಆ ವಾರ ಮುಗಿಯುವ ಮೊದಲೇ ಮತ್ತೊಂದು ವಾಲ್ವ್ ಅಕ್ಕನ ಕೈಯಲ್ಲಿ ಅಲ್ಲಾಡಿತು. ಲೈನಿನವರೆಲ್ಲ ಅವಳನ್ನೂ ಹಗ್ಗವನ್ನೂ ನೋಡಿದರು. ಹೊಸಬಳ ಮುಖ ಬಿಳಿಚಿಕೊಂಡಿತು. ಅಕ್ಕ ಹಗ್ಗ ಎಳೆದಳು, ಎಳೆದು ಮಣಿಕಟ್ಟಿಗೆ ಸುತ್ತಿಕೊಂಡಳು.

“ಮತ್ತೆ ನೀನಾ? ಯಾರು ಹಾಕಿದ್ದು ಇದನ್ನ?” ಮ್ಯಾನೇಜರ್ ಕೂಗಿದರು.

“ಪಾಠದಲ್ಲಿ ಇದ್ದ ಪ್ರಶ್ನೆ ಇದಲ್ಲ ಸಾರ್.”

“ಹಗ್ಗ ಬಿಡು!”

“ಯಾಕೆ ಅಂತ ಕೇಳಿ, ಬಿಡ್ತೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದನ್ನ ಕಲಿಯೋಕಾ ಇಷ್ಟೆಲ್ಲ ಮಾಡಿದ್ದು? ಅದು ನಮಗೆ ಮೊದಲೇ ಗೊತ್ತಿತ್ತು!”

ಗಂಟೆ ಬಡಿಯುತ್ತಲೇ ಇತ್ತು. ಕೊನೆಗೆ ಮೇಷ್ಟ್ರೇ ಮುಂದೆ ಬಂದು ಸಣ್ಣ ದನಿಯಲ್ಲಿ ಕೇಳಿದರು. “ಯಾಕೆ ಸಡಿಲ ಆಯ್ತಮ್ಮ?”

“ಗನ್ನು ಜಾರುತ್ತೆ ಸಾರ್,” ಎಂದಳು ಹೊಸಬಳು.

“ಯಾಕೆ ಜಾರುತ್ತೆ?”

“ಸಾಕೆಟ್ ಸವೆದಿದೆ.”

“ಯಾಕೆ ಬದಲಾಯಿಸಿಲ್ಲ?”

“ಸ್ಟೋರಿನಲ್ಲಿ ಇಲ್ಲ,” ಎಂದ ಸೂಪರ್‌ವೈಸರ್.

“ಯಾಕಿಲ್ಲ?”

ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಸ್ಟೋರಿನವನು ಗೊಣಗಿದ. “ಸಾಕೆಟ್ಟು ಗೀಕೆಟ್ಟು ಇಟ್ಕೊಂಡಿರೋದೆಲ್ಲ ದಂಡ ಸ್ಟಾಕು, ಒಂದೂ ತರಿಸ್ಬೇಡ ಅಂತ ಮ್ಯಾನೇಜರ್ ಸಾಹೇಬ್ರೇ ಹೇಳಿದ್ರು.”

ಐದನೆಯದನ್ನು ಅಕ್ಕ ಕೇಳಿದಳು. “ಹಾಗ್ಯಾಕೆ ಹೇಳಿದ್ರಿ ಸಾರ್?”

ಅಷ್ಟು ದಿನದ ಪಾಠದಲ್ಲಿ ತಮಗೆ ಬೇಕಾದ ಒಂದೇ ಒಂದು ಮಾತನ್ನು ಆರಿಸಿಕೊಂಡಿದ್ದ ಮ್ಯಾನೇಜರ್ ಮುಖ ಹುಳ್ಳಗೆ ಮಾಡಿಕೊಂಡು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಸ್ಟಾಕ್ ಕಮ್ಮಿ ಮಾಡಿ ಅಂದಿದ್ದೆ, ಪೂರ್ತಿ ಖಾಲಿ ಮಾಡಿ ಅಂದಿರ್ಲಿಲ್ಲ,” ಎಂದರು ಮೇಷ್ಟ್ರು.

“ಇದನ್ನ ಅವತ್ತೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಅಕ್ಕ ಮಣಿಕಟ್ಟಿನ ಹಗ್ಗ ಬಿಚ್ಚಿದಳು. ಅಲ್ಲಿ ಕೆಂಪು ಬರೆ ಎದ್ದಿತ್ತು.

ಹೊಸ ಸಾಕೆಟ್ ಬಂತು. ಪ್ಯಾಕ್ ಆಗಿದ್ದ ಕುಕ್ಕರುಗಳನ್ನೆಲ್ಲ ಬಿಚ್ಚಿ ನೋಡಿಸಿದರು. ನಿನ್ನ ತಂಗಿ ಬೇಕಿದ್ದರೆ ಬರಬಹುದು ಎಂದು ಸೂಪರ್‌ವೈಸರ್ ಬಂದು ಹೇಳಿದ. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಸಂಜೆ ತಂಗಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಕ್ಕ ವಿಷಯ ಹೇಳಿದಳು.

“ನಾಳೆ ನನ್ನ ಮೇಜಿಂದ ಮತ್ತೆ ಸಡಿಲ ಬಂದ್ರೆ?” ತಂಗಿ ತಲೆಯೆತ್ತದೆ ಕೇಳಿದಳು.

ಇಲ್ಲ ಕಣೇ, ಮೊದಲು ನಿನಗೇ ಹೇಳ್ತೀನಿ ಎಂದುಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಅಕ್ಕ ಹಾಗೆನ್ನಲಿಲ್ಲ.

“ಎಳೀತೀನಿ.”

“ನಾನೇ ಅಂತ ಗೊತ್ತಿದ್ರೂ?”

“ಗೊತ್ತಿದ್ರೂ. ಆದ್ರೆ ಅವರು ಯಾಕೆ ಅಂತ ಕೇಳೋವರೆಗೂ ಬಿಡಲ್ಲ.”

ತಂಗಿ ಮಡಚುತ್ತಿದ್ದ ಹೊದಿಕೆಯನ್ನು ಮಂಚದ ಮೇಲೆ ಬಿಸಾಡಿ ಒಳಗೆ ಹೋದಳು.

ಬೆಳಿಗ್ಗೆ ಅಕ್ಕ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಬಾಗಿಲ ಬಳಿ ಎರಡು ಡಬ್ಬಿಗಳಿದ್ದವು.