ಬೋಗುಣಿಯಲ್ಲಿ ಹುಟ್ಟಿದವು

ಮಡಕಶಿರದ ಕಡೆಯವಳಾದ ನನ್ನನ್ನು ರಾಯದುರ್ಗದ ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಎರಡನೆಯ ಸಂಬಂಧವಾಗಿ ಕೊಟ್ಟರು. ಆಗಿನ್ನೂ ಮದರಾಸು ಸರ್ಕಾರದ ಕಾಲ. ಜಮಾಬಂದಿ, ಕಂದಾಯದ ಲೆಕ್ಕ ಎಂದು ಅವರು ಊರೂರು ಸುತ್ತುತ್ತಿದ್ದರು. ಮನೆಯಲ್ಲಿ ನಾನು ಮತ್ತು ತೀರಿಹೋದ ಮೊದಲ ಹೆಂಡತಿಯ ಇಬ್ಬರು ಮಕ್ಕಳು: ಎಂಟು ವರ್ಷದ ಹುಡುಗಿ, ಅವಳ ತಮ್ಮ. ಬಡಿಸಿದ್ದನ್ನು ಉಣ್ಣುತ್ತಿದ್ದರು, ಕರೆದರೆ ಬರುತ್ತಿದ್ದರು, ತಾವಾಗಿ ಮಾತಾಡುತ್ತಿರಲಿಲ್ಲ. ನಾನು ನಮ್ಮೂರ ಮಾತಿನಲ್ಲಿ "ಬತ್ತೀನಿ" ಎಂದರೆ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ನಾನೂ ಮಾತು ಕಡಿಮೆ ಮಾಡಿದೆ. ಕೆಲವು ಸಂಜೆ ನನ್ನ ದನಿ ನನಗೇ ಹೊಸದೆನಿಸುತ್ತಿತ್ತು.

ಚಿಕ್ಕಂದಿನಲ್ಲಿ ನಮ್ಮ ಕಡೆಯದೇ ಆದ ರತ್ನಗಿರಿಯ ಅಜ್ಜಿಯ ಮನೆಗೆ ಹೋದಾಗ, ಬಂಡೆಯ ಗುಂಡಿಗಳಲ್ಲಿ ಮಳೆನೀರು ನಿಂತರೆ ನೀರುಹುಳ ನೋಡಲು ಓಡುತ್ತಿದ್ದೆವು. ಗುಂಡಿ ಒಣಗಿದರೂ ಮೊಟ್ಟೆಗಳು ಮಣ್ಣಿನಲ್ಲಿ ಉಳಿದಿರುತ್ತವೆ. ಒಮ್ಮೆ ರಾಯದುರ್ಗದ ಬೆಟ್ಟದ ಗುಡಿಯಿಂದ ಇಳಿಯುವಾಗ ಅಂಥದೇ ಒಣಗಿದ ಗುಂಡಿ ಕಂಡು, ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಮಕ್ಕಳಿಗೆ ತೋರಿಸಬೇಕೆಂದಲ್ಲ. ನನಗೇ ಬೇಕಿತ್ತು.

ಮೊದಲು ಅರ್ಧ ಮಣ್ಣನ್ನು ಬಾವಿಯ ಸವಳು ನೀರಿನಲ್ಲಿ ನೆನೆಹಾಕಿದೆ; ಏನೂ ಹುಟ್ಟಲಿಲ್ಲ. ಮಳೆ ಬಂದ ದಿನ ಅಂಗಳದಲ್ಲಿ ನೀರು ಹಿಡಿದು, ಉಳಿದ ಮಣ್ಣನ್ನು ಬೋಗುಣಿಯಲ್ಲಿ ನೆನೆಹಾಕಿದೆ. ಎರಡು ದಿನಕ್ಕೆ ಧೂಳಿನಂಥ ಬಿಳಿ ಚುಕ್ಕೆಗಳು ಓಡಾಡತೊಡಗಿದವು. ಹುಡುಗ ಕಂಬದ ಮರೆಯಿಂದ ಬಂದ.

"ಏನ್ ನೋಡಾಕತ್ತೀರಿ?"

ಅವನು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು. ಅವನ ಹಿಂದೆ ಅಕ್ಕನೂ ಬಂದಳು. ದಿನಾ ಚಿಟಿಕೆಯಷ್ಟು ರಾಗಿಹಿಟ್ಟು ಉದುರಿಸುವ ಕೆಲಸ ಅವಳದಾಯಿತು. ಹುಳಗಳು ಉಗುರಿನುದ್ದ ಬೆಳೆದು, ಬೆನ್ನು ಕೆಳಗಾಗಿ, ಗರಿಯಂಥ ಕಾಲುಗಳನ್ನು ಆಡಿಸುತ್ತ ಈಜಿದವು. ಹುಡುಗ ನೆಲದ ಮೇಲೆ ಅಂಗಾತ ಮಲಗಿ ಹಾಗೇ ಕೈಕಾಲು ಬಡಿದ. ನಾವು ಮೂವರೂ ನಕ್ಕೆವು.

ಒಂದು ಮಧ್ಯಾಹ್ನ ಹುಡುಗಿ ಕೇಳಿದಳು: "ಇವುಗಳ ಅವ್ವ ಎಲ್ಲಿ ಹೋಗ್ಯಾಳ್ರಿ?"

"ಹೋದ ಸಲದ ಮಳೇಲಿ ಮೊಟ್ಟೆ ಇಟ್ಟು ಹೋಗ್ಬುಟ್ಲು. ಇವು ಹುಟ್ಟೋ ಹೊತ್ಗೆ ಅವ್ಳು ಇರಾಕಿಲ್ಲ."

"ಯಾಕ?"

ಅವಳು ಬೋಗುಣಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿ, ನನ್ನ ಪಕ್ಕದಲ್ಲೇ ಕೂತಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಅಲುಗಿದರೆ ಎದ್ದುಹೋದಾಳೆಂದು ನಾನು ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ಆ ವಾರವೇ ಅವರ ತಾಯಿಯ ತಾಯಿ ಬಳ್ಳಾರಿಯಿಂದ ಬಂದರು. "ಅಲ್ಲೇ ಸಾಲಿಗೆ ಹಾಕ್ತೀನ್ರಿ, ನಮ್ಮ ಮಗಳ ಮಕ್ಕಳು ನಮ್ಮ ಕಣ್ಮುಂದ ಇರಲಿ" ಎಂದರು. ಯಜಮಾನರು ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಹುಡುಗ ತಂಬಿಗೆಯಲ್ಲಿ ಹುಳ ತುಂಬಿಕೊಂಡು ಬಂದ. "ರೈಲಿನ್ಯಾಗ ಹುಳದ ನೀರ್ಯಾಕ? ಚೆಲ್ಲು" ಎಂದರು ಅಜ್ಜಿ. ಅವನು ಚೆಲ್ಲದೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಹೋದ.

ಇನ್ನೊಂದಿಷ್ಟು ದಿನ ಹಿಟ್ಟು ಹಾಕಿದೆ. ಒಂದೊಂದಾಗಿ ಎಲ್ಲವೂ ತಳಕ್ಕಿಳಿದವು.

ನನಗೆ ಮಕ್ಕಳಾಗಲಿಲ್ಲ. ತವರಿಗೆ ಹೋದಾಗ ಬಾವಿಕಟ್ಟೆಯ ಹೆಂಗಸರು "ಎಷ್ಟು ಜನ ಮಕ್ಳವ್ವಾ ನಿಂಗೆ?" ಎಂದು ಕೇಳುತ್ತಿದ್ದರು.

"ಇಬ್ರು. ಬಳ್ಳಾರೀಲಿ ಓದ್ತಾವ್ರೆ" ಎಂದು ಕೊಡ ಎತ್ತಿಕೊಂಡು ಬರುತ್ತಿದ್ದೆ.