ಅಂಬರಾಯ್ ಕೊರಳಿನ ಖತ್

ರೇಷ್ಮೆಯ ಊರು ಮರ್ಗಿಲಾನಿನ ಮುಕೀಮ್‌ಜಾನ್‌ಗೆ ಬರುತ್ತಿದ್ದುದು ಒಂದೇ ವಿದ್ಯೆ, ಹಳೆಯ ಲಿಪಿ ಓದುವುದು. ಅರಬ್ಬಿ ಅಕ್ಷರದ ಮಸೀದಿಯ ದಾನಪತ್ರವಿರಲಿ, ಖಾಜಿಯ ತೀರ್ಪಿರಲಿ, ಸೂಫಿ ಗುರುಗಳ ವಂಶಾವಳಿಯಿರಲಿ, ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ. ಬೆಳಗ್ಗೆ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಹಸ್ತಪ್ರತಿ ಕೋಣೆ ಸೇರಿದರೆ ಸಂಜೆಯವರೆಗೂ ಅದೇ ಕೆಲಸ. ನಮ್ಮ ಕಣಿವೆಯ ಮುಸ್ಲಿಮರ ಇತಿಹಾಸದ ಮೇಲೆ ದಪ್ಪ ದಪ್ಪ ಪುಸ್ತಕ ಬರೆದ ಪಂಡಿತರಲ್ಲಿ ಅರ್ಧಕ್ಕರ್ಧ ಜನ ಆ ಲಿಪಿಯ ಒಂದು ಪುಟವನ್ನೂ ತಡವರಿಸದೆ ಓದಲಾರರು. ಅವರಿಗೆ ಓದಿ ಹೇಳುತ್ತಿದ್ದವನು ಇವನು. ಮುನ್ನುಡಿಯ ಬಾಲದಲ್ಲಿ ಇವನ ಹೆಸರೊಂದು ಇರುತ್ತಿತ್ತು, ಕೆಲವು ಸಲ ಅದೂ ತಪ್ಪಾಗಿ. ಅದಕ್ಕೆಲ್ಲ ಅವನು ತಲೆ ಕೆಡಿಸಿಕೊಂಡವನಲ್ಲ. ಹುಳು ತಿಂದ ಜಾಗವನ್ನು ಊಹಿಸಿ ಓದು ಎಂದರೆ ಮಾತ್ರ ರೇಗಿಬಿಡುತ್ತಿದ್ದ.

ಅವನು ಈ ಲಿಪಿ ಕಲಿತದ್ದು ಅಪ್ಪನಿಂದಾಗಿ. ಅಪ್ಪ ಹೈದರಲಿ ರೇಷ್ಮೆ ನೇಯುವವನು, ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮದರಸಾದಲ್ಲಿ ಓದಿದ್ದ. ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲದಲ್ಲಿ, ಮನೆಯಲ್ಲಿ ಆಗ ನಿಷೇಧವಾಗಿದ್ದ ಹಳೆಯ ಲಿಪಿಯ ಪುಸ್ತಕ ಸಿಕ್ಕಿತೆಂದು ಕಮ್ಯುನಿಸ್ಟ್ ಸರ್ಕಾರದವರು ಬಂದು ಹಿಡಿದುಕೊಂಡು ಹೋದರು. ಆಗ ಮುಕೀಮ್‌ಜಾನ್ ನಲವತ್ತು ದಿನದ ಕೂಸು, ತಾಯಿ ಅಂಬರಾಯ್‌ಗೆ ಹತ್ತೊಂಬತ್ತು. ಇಪ್ಪತ್ತು ವರ್ಷದ ಮೇಲೆ ಅದೇ ಸರ್ಕಾರ ತಾಷ್ಕೆಂಟಿನಲ್ಲಿ ಮಗನಿಗೆ ವಿದ್ಯಾರ್ಥಿವೇತನ ಕೊಟ್ಟು ಅದೇ ಲಿಪಿ ಕಲಿಸಿತು. ನಗಬೇಕೋ ಅಳಬೇಕೋ ನೀವೇ ಹೇಳಿ. ಅಪ್ಪ ಎಲ್ಲಾದರೂ ಏನಾದರೂ ಬರೆದಿಟ್ಟಿದ್ದರೆ ತಾನೇ ಓದಬೇಕೆಂಬುದು ಹುಡುಗನ ಆಸೆಯಾಗಿತ್ತು. ಒಂದು ಸಾಲೂ ಸಿಗಲಿಲ್ಲ.

ಅರವತ್ತೊಂದರಲ್ಲಿ, ಗಡೀಪಾರಿನಿಂದ ಮರಳಿದ ಒಬ್ಬ ಹೇಳಿದ: "ನಿಮ್ಮಪ್ಪ ಬದುಕಿದಾರಪ್ಪ. ಕಜಾಕ್ ನಾಡಿನ ಗಣಿ ಊರಲ್ಲಿದಾರೆ. ಬಿಡುಗಡೆ ಆಗಿ ಎಷ್ಟೋ ವರ್ಷ ಆಯ್ತು. ಅಲ್ಲೇ ಇನ್ನೊಂದು ಸಂಸಾರ." ವಿಳಾಸವನ್ನೂ ಬರೆದುಕೊಟ್ಟ. ಮುಕೀಮ್‌ಜಾನ್ ಆ ಚೀಟಿಯನ್ನು ಒಲೆಗೆ ಹಾಕಿದ. ಹೆಂಡತಿ ಮಗುವಿಗೆ ಒಂದು ಸಾಲು ಬರೆಯದವನ ಮುಖ ನೋಡಿ ಏನಾಗಬೇಕು? ಮರುವರ್ಷ ಅಪ್ಪ ತೀರಿಕೊಂಡ ಸುದ್ದಿ ಬಂದಾಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಅಂಬರಾಯ್ ಮಾತ್ರ ನೀಲಿ ಬಟ್ಟೆ ಉಟ್ಟು ವರ್ಷವಿಡೀ ಶೋಕ ಆಚರಿಸಿದಳು. ಮತ್ತೆ ಮದುವೆಯ ಮಾತೆತ್ತಿದವರಿಗೆ ಅವಳು ಹಿಂದೆಯೂ ಬಾಗಿಲು ತೋರಿಸಿದ್ದಳು.

ಹೀಗೇ ವರ್ಷಗಳು ಉರುಳಿದವು. ಮೊನ್ನೆ ಬೇಸಿಗೆಗೆ ಮುಂಚೆ, ಶಹ್ಲೋ ಎಂಬ ಚುರುಕು ಹುಡುಗಿ ಹೆಂಗಸರ ತಾಯಿತಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ವಿಭಾಗಕ್ಕೆ ಬಂದಳು.

"ಅದರೊಳಗೆ ಏನಿರುತ್ತಮ್ಮ? ನಾಲ್ಕು ಚೌಕ, ನಾಲ್ಕು ಅಂಕಿ. ಮುಲ್ಲಾಗಳ ಹೊಟ್ಟೆಪಾಡು," ಎಂದ ಮುಕೀಮ್‌ಜಾನ್.

"ದೊಮ್ಲಾ, ನಿಮಗೆ ಖಾಜಿ ಬರೆದಿದ್ರೆ ಮಾತ್ರ ಇತಿಹಾಸ. ಹೆಂಗಸರು ಕಟ್ಕೊಂಡಿದ್ದು ಕಸ!" ಎಂದಳು ಅವಳು. ದೊಮ್ಲಾ ಎಂದು ಕರೆಯುತ್ತಲೇ ಗುರುವಿಗೆ ಎದುರಾಡಿದರೂ ಅವನಿಗೆ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ಹುಡುಗಿ ಮನೆಗೇ ಹೋಗಿ ಅಂಬರಾಯ್‌ಳನ್ನು ಒಲಿಸಿಕೊಂಡಳು. ಮುದುಕಿಯ ಕೊರಳಲ್ಲಿ ಮೂರು ಮೂಲೆಯ ಚರ್ಮದ ತಾಯಿತವೊಂದು ಎಂದಿನಿಂದಲೋ ಇತ್ತು. ಬಿಚ್ಚಿದರೆ ಬಲ ಹೋಗುತ್ತದೆ ಎಂದು ಅದನ್ನು ಮಗನ ಕೈಗೆ ಎಂದೂ ಕೊಟ್ಟಿರಲಿಲ್ಲ. ಅವನೂ ಒತ್ತಾಯಿಸಿರಲಿಲ್ಲ, ನಾಲ್ಕು ಚೌಕ ನಾಲ್ಕು ಅಂಕಿ ತಾನೇ. ಈಗ ಅವಳೇ ತೆಗೆದು ಹುಡುಗಿಯ ಕೈಗಿಟ್ಟಳು. "ತಗೊಂಡ್ಹೋಗು ಮಗಳೇ. ಎಂಬತ್ತಾಯ್ತು, ಇನ್ನು ನನ್ನನ್ನ ಕಾಯೋದು ಏನಿದೆ? ಯಾವ ದುವಾ ಇಷ್ಟು ವರ್ಷ ಕಾಯ್ತು ಅಂತ ಓದಿ ಹೇಳು, ಸಾಕು."

ಶಹ್ಲೋ ಹೊಲಿಗೆ ಬಿಚ್ಚಿ, ಮೇಣದ ಬಟ್ಟೆ ಸರಿಸಿ, ಮುಕ್ಕೋನವಾಗಿ ಮಡಿಸಿದ್ದ ಕಾಗದವನ್ನು ಮುಕೀಮ್‌ಜಾನ್ ಮುಂದೆ ಹರಡಿದಳು. ಚೌಕವಿರಲಿಲ್ಲ, ಅಂಕಿಯಿರಲಿಲ್ಲ. ಪೆನ್ಸಿಲಿನಲ್ಲಿ ಅವಸರದಿಂದ ಬರೆದ ಸಾಲುಗಳು. ಅವನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದ.

"ಅಂಬರ್, ನಮ್ಮನ್ನು ಕೋಕಂದ್ ಸ್ಟೇಷನ್ನಿನ ಹಿಂದೆ ಒಂದು ಗೋದಾಮಿನಲ್ಲಿ ಇಟ್ಟಿದ್ದಾರೆ. ನವ್ರೂಜ್ ಹಬ್ಬ ಕಳೆಯುವವರೆಗೆ ಇಲ್ಲೇ ಅಂತೆ. ಶುಕ್ರವಾರ ಹೆಂಗಸರನ್ನು ಬೇಲಿಯ ತನಕ ಬಿಡುತ್ತಾರೆ. ಮಗುವನ್ನು ಎತ್ತಿಕೊಂಡು ಬಾ, ಅದರ ಮುಖ ನೋಡಬೇಕು. ಗಂಡನನ್ನು ಬಿಟ್ಟೆ ಎಂದು ಹೆಂಗಸರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದಾರೆಂದು ಕೇಳಿದೆ. ನೀನು ಬಾರದಿದ್ದರೆ ನೀನೂ ಒತ್ತಿದೆ ಎಂದುಕೊಳ್ಳುತ್ತೇನೆ. ನನಗೇನೂ ಬೇಸರವಿಲ್ಲ. ಆಮೇಲೆ ನಾನು ಬರೆಯುವುದಿಲ್ಲ, ಹತ್ತಿರವೂ ಬರುವುದಿಲ್ಲ. ನಿನ್ನ ಬದುಕಿಗೆ ನನ್ನಿಂದ ತೊಡಕಾಗಬಾರದು. ಹೈದರಲಿ."

ಊರವರ ಕಾಗದವನ್ನೆಲ್ಲ ನಲವತ್ತು ವರ್ಷ ಓದಿದ್ದ. ಅಪ್ಪನ ಕಾಗದ ಮನೆಯಲ್ಲೇ, ತಾಯಿಯ ಎದೆಯ ಮೇಲೇ ಇತ್ತು. ಅದನ್ನು ಓದಿದ್ದರೆ ಆ ವಿಳಾಸ ಒಲೆಗೆ ಬೀಳುತ್ತಿರಲಿಲ್ಲ. ಅವನು ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

"ದೊಮ್ಲಾ," ಎಂದಳು ಶಹ್ಲೋ, ಅವಳ ಕಣ್ಣೂ ಒದ್ದೆ. "ಓಯಿಗೆ, ನಿಮ್ಮಮ್ಮನಿಗೆ, ಇದನ್ನ ಹೇಳ್ಬೇಡಿ. ಯಾವುದೋ ದುವಾ ಇತ್ತು ಅಂದ್ಬಿಡಿ. ಈ ವಯಸ್ಸಲ್ಲಿ ತಡ್ಕೊಳ್ಳಲ್ಲ ಅವರು. ನನ್ನ ಸಂಶೋಧನೆಗೂ ಇದು ಬೇಡ."

ಬಸ್ಸಿನಲ್ಲಿ ಬರುವಾಗ ಅವನೂ ಹಾಗೆಯೇ ನಿಶ್ಚಯಿಸಿಕೊಂಡ. ಮನೆಗೆ ಬಂದರೆ ಅಂಬರಾಯ್ ಅಂಗಳದ ಕಟ್ಟೆಯ ಮೇಲೆ ಕೂತು ಒಣಹಾಕಲು ಜರ್ದಾಳು ಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಏನಿತ್ತಪ್ಪಾ ಅದರಲ್ಲಿ?"

"ದುವಾ, ಓಯಿ. ಒಳ್ಳೇ ದುವಾ."

"ಯಾವುದು? ಹೇಳು, ಆಮೀನ್ ಅಂತೀನಿ." ಅಂಟಿನ ಕೈ ಅಂಗಿಯ ಅಂಚಿಗೆ ಒರೆಸಿಕೊಂಡು ಎರಡೂ ಅಂಗೈ ಎದೆಯ ಮುಂದೆ ಹಿಡಿದಳು. ಆ ಅಂಗೈಗಳಿಗೆ ಸುಳ್ಳು ಸುರಿಯುವುದು ಅವನಿಂದ ಆಗಲಿಲ್ಲ.

"ಓಯಿ, ಅದನ್ನ ನಿಮಗೆ ಯಾರು ಕೊಟ್ರು?"

"ನಮ್ಮತ್ತೆ. ನಾನು ಹಿಪ್ಪುನೇರಳೆ ತೋಟಕ್ಕೆ ಹೋಗಿದ್ದೆ. ಯಾರೋ ದರವೇಶಿ ಬಾಗಿಲಿಗೆ ಬಂದು, 'ಅಂಬರಾಯ್‌ಗೆ ಖತ್' ಅಂತ ಕೈಗಿಟ್ಟು ಓಡಿಹೋದನಂತೆ. ಬಟ್ಟೆಯೆಲ್ಲಾ ಇದ್ದಿಲ ಮಸಿಯಂತೆ. ಅತ್ತೆ ಕಣ್ಣಿಗೊತ್ಕೊಂಡು ಅವತ್ತೇ ಚರ್ಮದಲ್ಲಿ ಹೊಲಿದು ಕಟ್ಟಿದ್ರು."

ಖತ್ ಅಂದರೆ ನಮ್ಮಲ್ಲಿ ಬರಹವೂ ಹೌದು, ಯಾರೋ ಬರೆದು ಕಳಿಸಿದ ಓಲೆಯೂ ಹೌದು. ಓಲೆಯೆಂದು ಕೊಟ್ಟವನು ರೈಲಿನ ಕೂಲಿಯೋ ಏನೋ. ಪಡೆದವಳಿಗೆ ಓದು ಬಾರದು, ಅರಬ್ಬಿ ಅಕ್ಷರವೆಂದರೆ ದೇವರ ಮಾತು ಎಂದಷ್ಟೇ ಗೊತ್ತು. ಓದಿಸೋಣವೆಂದರೂ ಆ ವರ್ಷ ಹಳೆಯ ಲಿಪಿ ಬರುತ್ತದೆಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗಿತ್ತು?

"ಅದು ಅಪ್ಪನ ಓಲೆ, ಓಯಿ," ಎಂದ ಮುಕೀಮ್‌ಜಾನ್. ಆಮೇಲೆ ಕಿಸೆಯಿಂದ ತೆಗೆದು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ ಓದಿದ.

ಅಂಬರಾಯ್ ಅಳಲಿಲ್ಲ. ಜರ್ದಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಕೋಕಂದಾ?" ಎಂದಳು. "ಬೆಳಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆ ಕೋಕಂದು." ಆಮೇಲೆ, "ಒತ್ತಲಿಲ್ಲ ಬೋಲಮ್, ಒತ್ತಲಿಲ್ಲ ಮಗನೇ. ಮೂರು ಸಲ ಕರೆಸಿದ್ರು, ನಾನು ಒತ್ತಲಿಲ್ಲ. ಅದಕ್ಕೇ ಮಗ್ಗದಿಂದ ಎಬ್ಬಿಸಿ ಕಾಲುವೆ ಅಗೆಯಕ್ಕೆ ಹಾಕಿದ್ರು. ನಿಮ್ಮಪ್ಪ ನಾನು ಒತ್ತಿದೆ ಅಂದ್ಕೊಂಡೇ ಹೋದ್ರಾ?"

ಮಗ ತಾಯಿಯ ಅಂಗೈ ತನ್ನ ಅಂಗೈಯಲ್ಲಿ ಹಿಡಿದುಕೊಂಡ.

"ನಿನಗೆ ಆ ಅಕ್ಷರ ಬರುತ್ತಲ್ಲ," ಎಂದಳು ಅವಳು. "ಒಂದು ಖತ್ ಬರೀ."

"ಯಾರಿಗೆ, ಓಯಿ?"

"ಬರೀ ಅಂದ್ರೆ ಬರೀ. ಅವರಿಗೆ ಬರೋದು ಅದೊಂದೇ ಅಕ್ಷರ."

ಅವನು ಒಳಗಿಂದ ಹಾಳೆ ತಂದು ಪಕ್ಕದಲ್ಲಿ ಕೂತ. ಅಂಬರಾಯ್ ನಿಧಾನವಾಗಿ, ಕಾಲುವೆಯಾಚೆ ನಿಂತವರಿಗೆ ಕೇಳಲಿ ಎನ್ನುವಂತೆ ದನಿ ಎತ್ತರಿಸಿ ಹೇಳಿದಳು. ಅವನು ಬಲದಿಂದ ಎಡಕ್ಕೆ ಒಂದೊಂದನ್ನೇ ಬರೆದ.

"ನಿಮ್ಮ ಖತ್ ಬಂತು ಅಂತ ಬರೀ. ಓದಕ್ಕೆ ಬರಲಿಲ್ಲ, ಅದಕ್ಕೆ ಬರಲಿಲ್ಲ ಅಂತ ಬರೀ. ಹೆಬ್ಬೆಟ್ಟು ಒತ್ತಲಿಲ್ಲ, ಅದನ್ನ ದಪ್ಪ ಅಕ್ಷರದಲ್ಲಿ ಬರೀ. ಬರೆದ್ಯಾ? ಈಗ ಬರ್ತೀನಿ ಅಂತ ಬರೀ, ಇನ್ನು ಜಾಸ್ತಿ ದಿನ ಇಲ್ಲ." ಅವಳು ಮಗನ ನರೆತ ಗಡ್ಡವನ್ನು ಒಮ್ಮೆ ನೋಡಿದಳು. "ಮಗನ್ನ ಎತ್ಕೊಂಡು ಬರಕ್ಕಾಗಲ್ಲ ಅಂತಾನೂ ಬರೀ."